ಕಾಣದ ಬೆಳಕು

ಮಗು ಇನ್‌ಫ್ರಾರೆಡ್ ಎಲ್‌ಇಡಿಯ ಸರ್ಕ್ಯೂಟ್ ಜೋಡಿಸಿದೆ ಅನ್ನಿ. ಬ್ಯಾಟರಿ ಕೊಟ್ಟರೂ ಬೆಳಕಿಲ್ಲ. ಮುಖ ಬಾಡಿದೆ. ದಯವಿಟ್ಟು ಅದನ್ನು ಬಿಚ್ಚಿಹಾಕಲು ಬಿಡಬೇಡಿ. ದೀಪ ಉರಿಯುತ್ತಲೇ ಇರಬಹುದು.

ಅದರ ಬೆಳಕಿನ ತರಂಗಾಂತರ ಸಾಮಾನ್ಯವಾಗಿ 940 ನ್ಯಾನೊಮೀಟರ್. ನಮ್ಮ ಕಣ್ಣು 700ರ ಆಸುಪಾಸಿನಲ್ಲೇ ಸೋಲುತ್ತದೆ. 1800ರಲ್ಲಿ ವಿಜ್ಞಾನಿ ವಿಲಿಯಂ ಹರ್ಷೆಲ್ ಕೂಡ ಈ ಬೆಳಕನ್ನು ಕಣ್ಣಾರೆ ಕಾಣಲಿಲ್ಲ. ಬಿಸಿಲಿನ ಬಣ್ಣಗಳ ಪಟ್ಟಿಯಲ್ಲಿ ಕೆಂಪಿನ ಆಚೆ, ಏನೂ ಕಾಣದ ಜಾಗದಲ್ಲಿಟ್ಟ ಥರ್ಮಾಮೀಟರ್ ಬಿಸಿಯೇರಿತು. ಅವರು ಅದನ್ನು ನಂಬಿದರು. ಎಂಥ ದೊಡ್ಡ ಮನಸ್ಸು!

ನಮಗೀಗ ಮೊಬೈಲ್ ಇದೆ. ಎಲ್‌ಇಡಿಯತ್ತ ಸೆಲ್ಫಿ ಕ್ಯಾಮೆರಾ ಹಿಡಿಯಿರಿ. ಪರದೆಯಲ್ಲಿ ತಿಳಿನೇರಳೆ ಚುಕ್ಕೆ ಕಂಡರೆ ಎಲ್‌ಇಡಿ ಸರಿಯಿದೆ. ಕಾಣದಿದ್ದರೆ, ಉದ್ದನೆಯ ಕಾಲು ಪ್ಲಸ್ ಕಡೆಗಿದೆಯೇ ನೋಡಿ. ಅದಕ್ಕೆ ಬೇಕಾದದ್ದು ಸುಮಾರು 1.2 ವೋಲ್ಟ್ ಮಾತ್ರ. ರೆಸಿಸ್ಟರ್ ಇಲ್ಲದೆ 9 ವೋಲ್ಟ್ ಕೊಟ್ಟಿದ್ದರೆ ಸುಟ್ಟಿರಬಹುದು. ಹೊಸದೊಂದು ತಂದುಕೊಡಿ, ಈ ಸಲ ಪಕ್ಕದಲ್ಲೇ ಕೂತುಕೊಳ್ಳಿ.