ತಾಮ್ರಶಾಸನವೂ ಅಜ್ಜಿಯ ಹಾಡಿನ ಪುಸ್ತಕವೂ



ಚರಿತ್ರೆ ಎಂದ ಕೂಡಲೇ ನಮಗೆ ನೆನಪಾಗುವುದು ಶಾಸನಗಳು, ನಾಣ್ಯಗಳು, ಕೋಟೆಕೊತ್ತಲಗಳು. ಆದರೆ ಒಂದು ಸಮುದಾಯದವರೆಲ್ಲ ಮನೆ ಖಾಲಿ ಮಾಡಿ ಸಮುದ್ರ ದಾಟಿ ಹೋದರೆ, ಅವರ ಚರಿತ್ರೆ ಎಲ್ಲಿ ಉಳಿಯುತ್ತದೆ? ಯಾರು ಉಳಿಸುತ್ತಾರೆ? ನೆರೆಯ ಕೇರಳದ ಕೊಚ್ಚಿ ಸೀಮೆಯ ಯಹೂದಿಗಳ ಉದಾಹರಣೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಇಂದು ವಿಚಾರ ಮಾಡೋಣ.

ಈ ಸಮುದಾಯದ ಅತಿ ಪ್ರಸಿದ್ಧ ದಾಖಲೆ ಸುಮಾರು ಕ್ರಿ.ಶ. 1000ದ ತಾಮ್ರಶಾಸನ. ಚೇರ ದೊರೆ ಭಾಸ್ಕರ ರವಿಯು ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ 72 ಹಕ್ಕುಗಳನ್ನು ಕೊಟ್ಟ ವಿಷಯ ಅದರಲ್ಲಿದೆ. ಪಲ್ಲಕ್ಕಿ, ಕೊಡೆ, ಹಗಲು ದೀವಟಿಗೆಯಂಥ ಮರ್ಯಾದೆಗಳೂ ಆ ಹಕ್ಕುಗಳಲ್ಲಿ ಸೇರಿವೆ. ಮುಂದೆ 1568ರಲ್ಲಿ ಕೊಚ್ಚಿಯ ಮಟ್ಟಾಂಚೇರಿಯಲ್ಲಿ, ರಾಜರ ಅರಮನೆಯ ಪಕ್ಕದಲ್ಲೇ, ಒಂದು ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾಮಂದಿರ ಎದ್ದು ನಿಂತಿತು. ಅದರ ನೆಲಕ್ಕೆ ಹಾಸಿರುವ ನೀಲಿ-ಬಿಳಿ ಬಣ್ಣದ ಚೀನೀ ಬಿಲ್ಲೆಗಳನ್ನು ಪ್ರವಾಸಿಗರು ಇಂದಿಗೂ ನೋಡುತ್ತಾರೆ.

ದೊರೆ ಕೊಟ್ಟ ಮರ್ಯಾದೆಯನ್ನು ತಾಮ್ರಶಾಸನ ಹೇಳುತ್ತದೆ. ಆದರೆ ಮದುವೆಯ ಮನೆಯಲ್ಲಿ ಹೆಂಗಸರು ಏನು ಹಾಡಿದರು, ಮಕ್ಕಳಿಗೆ ಯಾವ ಕಥೆ ಹೇಳಿದರು ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಹೆಂಗಸರ ಹಾಡಿನ ಪುಸ್ತಕಗಳನ್ನೇ ಬಿಡಿಸಬೇಕು. ಕೊಚ್ಚಿಯ ಯಹೂದಿ ಹೆಂಗಸರು ಮಲಯಾಳಂ ಹಾಡುಗಳನ್ನು ತಮ್ಮ ಕೈಯಾರೆ ಪುಸ್ತಕಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ತಾಯಿಯ ಪುಸ್ತಕವನ್ನು ನೋಡಿ ಮಗಳು ಬರೆದುಕೊಳ್ಳುತ್ತಿದ್ದಳು. ಧರ್ಮಗ್ರಂಥದ ಕಥೆಗಳು, ಮದುವಣಗಿತ್ತಿಯ ವರ್ಣನೆ, ಗಿಳಿಯ ಹಾಡು, ಪ್ರಾರ್ಥನಾಮಂದಿರ ಕಟ್ಟಿದ ವೃತ್ತಾಂತ, ಹೀಗೆ ಎಲ್ಲವೂ ಅಲ್ಲಿದ್ದವು.

1948ರಲ್ಲಿ ಇಸ್ರೇಲ್ ರಾಷ್ಟ್ರ ಹುಟ್ಟಿತು. 1950ರ ದಶಕದಲ್ಲಿ ಕೊಚ್ಚಿ ಸೀಮೆಯ ಯಹೂದಿಗಳಲ್ಲಿ ಹೆಚ್ಚಿನವರು ಅಲ್ಲಿಗೆ ಹೊರಟುಹೋದರು. ಹಾಡಿನ ಪುಸ್ತಕಗಳೂ ಪೆಟ್ಟಿಗೆ ಸೇರಿ ಅವರೊಂದಿಗೆ ಹೋದವು. ಆದರೆ ಅಲ್ಲಿ ಬೆಳೆದ ಮೊಮ್ಮಕ್ಕಳು ಹೀಬ್ರೂ ಕಲಿತರು. ಅಜ್ಜಿಯ ಮಲಯಾಳಂ ಅಕ್ಷರ ಅವರಿಗೆ ಓದಲು ಬಾರದಾಯಿತು. ಪುಸ್ತಕ ಮನೆಯಲ್ಲೇ ಇದೆ, ಓದುವವರು ಮಾತ್ರ ಇಲ್ಲ! ಒಂದು ಪರಂಪರೆ ಸದ್ದಿಲ್ಲದೆ ಅಳಿಯುವುದು ಹೀಗೆಯೇ ಅಲ್ಲವೇ?

ಅದೃಷ್ಟವಶಾತ್ ಅಷ್ಟರಲ್ಲಿ ವಿದ್ವಾಂಸರು ಎಚ್ಚೆತ್ತರು. ಅಮೆರಿಕದ ಬಾರ್ಬರಾ ಜಾನ್ಸನ್, ಕೇರಳದ ಸ್ಕರಿಯಾ ಸಕ್ಕರಿಯಾ, ಇಸ್ರೇಲಿನ ಓಫಿರಾ ಗಮ್ಲಿಯೇಲ್ ಮೊದಲಾದವರು ಹಾಡು ಬಲ್ಲ ವೃದ್ಧೆಯರಿಂದ ಹಾಡುಗಳನ್ನು ಕೇಳಿದರು, ಹಸ್ತಪ್ರತಿಗಳನ್ನು ಹೋಲಿಸಿ ನೋಡಿದರು. 2005ರಲ್ಲಿ ಆಯ್ದ ಹಾಡುಗಳು ಮಲಯಾಳಂ ಮೂಲ ಮತ್ತು ಹೀಬ್ರೂ ಅನುವಾದದೊಡನೆ ಜೆರೂಸಲೇಮಿನಲ್ಲಿ ಅಚ್ಚಾದವು. ಅಜ್ಜಿಯ ಹಾಡು ಮೊಮ್ಮಗಳಿಗೆ ಮತ್ತೆ ದಕ್ಕಿತು.

ಕಟ್ಟಡಗಳಿಗೆ ಆ ಭಾಗ್ಯ ಯಾವಾಗಲೂ ಸಿಗಲಿಲ್ಲ. ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗ್‌ನ ಒಳಗಿನ ಮರದ ಕೆತ್ತನೆಗಳು 1990ರ ದಶಕದಲ್ಲಿ ಜೆರೂಸಲೇಮಿನ ವಸ್ತುಸಂಗ್ರಹಾಲಯ ಸೇರಿ ಸುರಕ್ಷಿತವಾಗಿವೆ. ಇಲ್ಲೇ ಉಳಿದ ಅದರ ಕಟ್ಟಡದ ಒಂದು ಭಾಗ 2019ರಲ್ಲಿ ಕುಸಿದುಬಿತ್ತು. ಚೇಂದಮಂಗಲಂ ಮತ್ತು ಪರವೂರಿನ ಪ್ರಾರ್ಥನಾಮಂದಿರಗಳು ಮಾತ್ರ ಜೀರ್ಣೋದ್ಧಾರಗೊಂಡು ವಸ್ತುಸಂಗ್ರಹಾಲಯಗಳಾಗಿವೆ.

ಇನ್ನೊಂದು ಮಾತು. ಚರಿತ್ರೆಯನ್ನು ಉಳಿಸುವುದೆಂದರೆ ಹೆಮ್ಮೆಯ ವಿಷಯಗಳನ್ನಷ್ಟೇ ಉಳಿಸುವುದಲ್ಲ. ಈ ಸಮುದಾಯದೊಳಗೂ ಮೇಲುಕೀಳೆಂಬ ಭೇದವಿತ್ತು. 1568ರ ಆ ಪ್ರಾರ್ಥನಾಮಂದಿರದಲ್ಲಿ, ಹಿಂದೆ ಗುಲಾಮಗಿರಿಯಿಂದ ಬಿಡುಗಡೆ ಪಡೆದವರ ಸಂತತಿಗೆ ಸಮಾನ ಸ್ಥಾನವಿರಲಿಲ್ಲ. ಅದೇ ಸಂತತಿಯಲ್ಲಿ ಹುಟ್ಟಿ ವಕೀಲರಾದ ಎ. ಬಿ. ಸೇಲಂ ಅವರು ಗಾಂಧೀಜಿಯವರ ಸತ್ಯಾಗ್ರಹದ ಹಾದಿಯಲ್ಲೇ ಇದರ ವಿರುದ್ಧ ಹೋರಾಡಿದರು. ಇದನ್ನು ಬಿಟ್ಟು ಬರೆದ ಚರಿತ್ರೆ ಪೂರ್ಣವಾಗಲಾರದು.

ನಮ್ಮ ಮಂಗಳೂರಿಗೂ ಇಂಥದೊಂದು ನಂಟುಂಟು. ಟುನೀಸಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರಿಂದ ಸುಮಾರು 17 ವರ್ಷ ಮಂಗಳೂರಿನಲ್ಲಿ ನೆಲೆಸಿದ್ದ. ಅವನ ಸೇವಕನ ಹೆಸರು ಬೊಮ್ಮ. ಇದು ನಮಗೆ ತಿಳಿದದ್ದು ಹೇಗೆ? ಕಾಗದ ಕಾಲಿಗೆ ತಾಗಿದರೆ ನಾವು ಕಣ್ಣಿಗೊತ್ತಿಕೊಳ್ಳುತ್ತೇವೆ. ಹಾಗೆಯೇ, ದೇವರ ಹೆಸರು ಇದ್ದೀತೆಂದು ಬರೆದ ಕಾಗದವನ್ನು ಎಸೆಯದಿರುವುದು ಯಹೂದಿಗಳ ಪದ್ಧತಿ. ಈಜಿಪ್ಟಿನ ಕೈರೋ ನಗರದ ಪ್ರಾರ್ಥನಾಮಂದಿರವೊಂದರ ಕೋಣೆಯಲ್ಲಿ ಹೀಗೆ ರಾಶಿ ಬಿದ್ದ ಕಾಗದಗಳಲ್ಲಿ ಅವನ ಪತ್ರಗಳೂ ಉಳಿದಿದ್ದವು. ಅಮಿತಾವ್ ಘೋಷ್ 1992ರಲ್ಲಿ ಪ್ರಕಟಿಸಿದ 'ಇನ್ ಆನ್ ಆಂಟೀಕ್ ಲ್ಯಾಂಡ್' ಎಂಬ ಕೃತಿ ಈ ಎಳೆಯನ್ನೇ ಹಿಡಿದು ಹೊರಟದ್ದು. ಎಸೆಯದೆ ಇಟ್ಟ ಒಂದು ಕಾಗದದಿಂದ ಬೊಮ್ಮನ ಹೆಸರು ಸುಮಾರು ಒಂಬತ್ತು ಶತಮಾನ ಬಾಳಿತು!

ಮಿತ್ರರೇ, ನಿಮ್ಮ ಮನೆಯಲ್ಲೂ ಹಾಡು ಬಲ್ಲ ಅಜ್ಜಿಯಿರಬಹುದು, ಅಟ್ಟದ ಮೇಲೆ ಹಳೆಯ ಲೆಕ್ಕದ ಪುಸ್ತಕವಿರಬಹುದು. ಮುಂದಿನ ರಜೆಯಲ್ಲಿ ಅವರ ಪಕ್ಕ ಕುಳಿತು ಕೇಳಿ, ಬರೆದುಕೊಳ್ಳಿ. ಹೇಳಿದವರ ಹೆಸರು, ಊರು, ದಿನಾಂಕ ಸೇರಿಸಿ. ಅರ್ಥವಾಗದ ಪದವನ್ನು ಅವರಿರುವಾಗಲೇ ಕೇಳಿಬಿಡಿ. ಪುಸ್ತಕ ಆಮೇಲೂ ಸಿಕ್ಕೀತು, ಅರ್ಥ ಹೇಳುವವರು ಸಿಗಲಾರರು.