ಚಳಿ ಬರುವ ಮುಂಚೆ ಬೇರಿಗೆ ಊಟ



ಇವತ್ತು ನಾವು ಆಕಳ ಹುಲ್ಲಿನ ಬಗ್ಗೆ ಮಾತಾಡೋಣ. ಯಲ್ಲಾಪುರದ ಕಡೆ ತೋಟದ ಅಂಚಿಗೆ, ಮನೆಯ ಹಿಂದೆ ನೇಪಿಯರ್ ಹುಲ್ಲು ಬೆಳೆಸುತ್ತೇವೆ. ಕೊಯ್ಯುವವರು ಯಾರು? ಹೊರುವವರು ಯಾರು? ನಾವೇ. ಹಾಗಾದರೆ ಗೊಬ್ಬರ ಯಾವಾಗ ಹಾಕಬೇಕು ಎಂಬುದೂ ನಮಗೆ ಗೊತ್ತಿರಬೇಕು.

ಕಲಿಯಲು ಬರುವ ಒಬ್ಬ ಅಕ್ಕ ನಮ್ಮನ್ನು ಕೇಳಿದರು: "ಅಕ್ಕೋರೆ, ಚಳಿಯಲ್ಲಿ ಹುಲ್ಲು ಏಳಲಿಲ್ಲ ಅಂತ ಯೂರಿಯಾ ಹಾಕಿದೆ. ಆದರೂ ಏಳಲಿಲ್ಲ. ದುಡ್ಡು ದಂಡ ಆಯ್ತು. ಯಾಕೆ?"

ನೇಪಿಯರ್ ಸೆಕೆಯ ಹುಲ್ಲು. ಚಳಿ ಬಿದ್ದರೆ ಅದರ ಬೆಳವಣಿಗೆ ನಿಧಾನ. ಆಗ ಬೇರು ಗೊಬ್ಬರವನ್ನು ಹೆಚ್ಚು ಹೀರುವುದಿಲ್ಲ. ಹಸಿವಿಲ್ಲದವರಿಗೆ ಊಟ ಬಡಿಸಿದ ಹಾಗೆ.

ಜಡಿಮಳೆಯಲ್ಲಿ ಹಾಕೋಣವೇ? ಬೇಡ. ಯೂರಿಯಾ ಕರಗಿ ಹಳ್ಳ ಸೇರುತ್ತದೆ.

ಸರಿಯಾದ ಹೊತ್ತು ಎರಡು. ಒಂದು, ಜೂನ್‌ನಲ್ಲಿ ಮಳೆ ಹಿಡಿಯುವಾಗ. ಇನ್ನೊಂದು, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ, ಮಳೆ ಕಡಿಮೆ ಆದಾಗ. ಆಗ ಮಣ್ಣು ಹಸಿ ಇರುತ್ತದೆ, ಬೆಚ್ಚಗೂ ಇರುತ್ತದೆ. ಹುಲ್ಲು ಕೊಯ್ದ ಮೇಲೆ ಬುಡಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿ. ಜೊತೆಗೆ ಸ್ವಲ್ಪ ಯೂರಿಯಾ ಸಾಕು. ಮೇಲೆ ದರಕು ಮುಚ್ಚಿ. ಚಳಿಗೆ ಮುಂಚೆ ಬೇರು ಹರಡುತ್ತದೆ, ಕೆಳಗಿಳಿಯುತ್ತದೆ. ಬೇಸಿಗೆಯಲ್ಲಿ ಆಳದ ತೇವ ಎಳೆಯುವುದು ಈ ಬೇರೇ.

ಯೂರಿಯಾ ಅತಿಯಾದರೆ ಎಲೆ ಮಾತ್ರ ಏಳುತ್ತದೆ, ಬೇರು ಸೊರಗುತ್ತದೆ. ಬೇರಿಗೆ ಅಡಿಗೆ ಮಾಡುವುದು ಎಲೆ. ಆದ್ದರಿಂದ ನೆಲಕ್ಕೆ ಹತ್ತಿ ಕೊಯ್ಯಬೇಡಿ. ಅರ್ಧ ಗೇಣು ಬುಡ ಉಳಿಸಿ. ಮತ್ತೆ ಕೊಯ್ಯಲು 40–45 ದಿನ ಬಿಡಿ. ಯೂರಿಯಾ ಹಾಕಿದ ವಾರದಲ್ಲೇ ಎಳೆ ಹುಲ್ಲು ಕೊಯ್ದು ಆಕಳಿಗೆ ಹಾಕಬೇಡಿ. ಅದು ವಿಷವಾಗಬಹುದು.

ಒಲೆಯ ಬೂದಿಯೂ ಒಳ್ಳೆಯ ಗೊಬ್ಬರವೇ. ಅದರಲ್ಲಿ ಪೊಟ್ಯಾಷ್ ಇದೆ. ಆದರೆ ಯೂರಿಯಾ ಜೊತೆ ಬೆರೆಸಬೇಡಿ. ಬೆರೆಸಿದರೆ ಯೂರಿಯಾದ ಸಾರ ಗಾಳಿಗೆ ಹೋಗುತ್ತದೆ.

ಈಗ ಯೂರಿಯಾ ಚೀಲ ಓದಿ ನೋಡೋಣ. 46 ಎಂದು ಇದೆಯಲ್ಲ? 100 ಕಿಲೋ ಯೂರಿಯಾದಲ್ಲಿ 46 ಕಿಲೋ ಸಾರಜನಕ ಎಂದು ಅರ್ಥ. 45 ಕಿಲೋ ಚೀಲದಲ್ಲಿ ಸುಮಾರು 21 ಕಿಲೋ ಆಯಿತು. ಬೆಳೆಗೆ ಬೇಕಾದ್ದು ಅದೇ.

ಒಂದು ನೋಟುಪುಸ್ತಕ ಇಡಿ. ಹುಲ್ಲು ಕೊಯ್ದ ದಿನ, ಗೊಬ್ಬರ ಹಾಕಿದ ದಿನ, ಹಾಲಿನ ಅಳತೆ ಬರೆಯಿರಿ. ಬರುವ ವರ್ಷ ತೆಗೆದು ಓದಿ. ಯಾವಾಗ ಹಾಕಿದ್ದು ಉಪಯೋಗಕ್ಕೆ ಬಂತು ಎಂದು ನಿಮ್ಮ ಅಕ್ಷರವೇ ಹೇಳುತ್ತದೆ.