ತಿಪ್ಪೆಯ ಲೆಕ್ಕ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳ ಬರಹರೂಪ)



ಮೂವತ್ತು ವರ್ಷ ಕಸ, ಚರಂಡಿಯ ನೌಕರಿ ಮಾಡಿದವನು ನಾನು. ಹಾರ ಹಾಕಿಸಿಕೊಂಡೂ ಕಸದ ಮಾತೇ ಆಡುತ್ತೇನೆ, ಬೇಸರಿಸಬೇಡಿ.

ನಮ್ಮವ್ವ ಬೇಸಿಗೆಯಲ್ಲಿ ತಿಪ್ಪೆಗೆ ಎರಡು ಕೊಡ ಬಚ್ಚಲ ನೀರು ಹಾಕುತ್ತಿದ್ದಳು. "ಒಣಾ ಕಸ ಕೊಳಿಯಂಗಿಲ್ಲೊ, ಗಾಳಿಗೆ ಹಾರತೈತಿ" ಅನ್ನುತ್ತಿದ್ದಳು. ನಾನು ಮುಂದೆ ಕಲಿತದ್ದೂ ಇದನ್ನೇ. ಕೊಪ್ಪಳ, ಕುಷ್ಟಗಿ, ಯಲಬುರ್ಗಾದಲ್ಲಿ ವರ್ಷದ ಮಳೆ ಸುಮಾರು 600 ಮಿ.ಮೀ.; ಬಿಸಿಲು ಹೀರಬಲ್ಲ ನೀರು ಅದಕ್ಕಿಂತ ಎಷ್ಟೋ ಹೆಚ್ಚು. ಊರ ಹೊರಗೆ ಸುರಿದ ಕಸ ಕೊಳೆಯುವ ಮೊದಲೇ ಹೊತ್ತಿ ಉರಿಯುತ್ತದೆ.

ಇತ್ತ ಮನೆಮನೆಯ ಶೌಚದ ಗುಂಡಿ ತುಂಬುತ್ತಿವೆ. ಒಮ್ಮೆ ನಸುಕಿನಲ್ಲಿ ಟ್ಯಾಂಕರೊಂದು ಹಳ್ಳಕ್ಕೆ ಸುರಿಯುವುದನ್ನು ಕಂಡೆ. ಸ್ವಲ್ಪ ಕೆಳಗೆ ಹೆಣ್ಣುಮಕ್ಕಳು ಒರತಿ ತೋಡುತ್ತಿದ್ದರು. ಬೈದೆ. "ಮತ್ತೆಲ್ಲಿ ಹಾಕ್ಲಿ ಹೇಳ್ರಿ ಸಾಹೇಬ್ರ" ಅಂದ. ನನ್ನಲ್ಲಿ ಉತ್ತರವಿರಲಿಲ್ಲ.

ಅವ್ವನ ಲೆಕ್ಕ ನೆನಪಾಗಿ, ಕಸದ ಗುಡ್ಡೆಯ ಮೇಲೇ ಸುರಿಯಲು ಹೇಳಿದೆ. ಒಣ ಕಸ ನೀರು ಕುಡಿಯಿತು, ಹೊಗೆ ನಿಂತಿತು. ನಾನು ಹಿಗ್ಗಿದೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಕಪ್ಪು ರಸ ಪಕ್ಕದ ಹೊಲಕ್ಕೆ ಹರಿಯಿತು. ತಪ್ಪು ನನ್ನದೇ. ಅವ್ವ ಹಾಕಿದ್ದು ಎರಡು ಕೊಡ, ನಾನು ಹಾಕಿಸಿದ್ದು ಟ್ಯಾಂಕರುಗಟ್ಟಲೆ. ಗುಂಡಿಯ ಕೆಸರಿನಲ್ಲಿ ಬಹುಪಾಲು ನೀರೇ ಇರುತ್ತದೆ. ಜಂತುಹುಳದ ಮೊಟ್ಟೆ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸಾಯುವುದಿಲ್ಲ.

ಸರಿಯಾದ ಕ್ರಮ ನಮ್ಮ ರಾಜ್ಯದಲ್ಲೇ ಇದೆ. ದೇವನಹಳ್ಳಿಯಲ್ಲಿ 2015ರಲ್ಲಿ ಮಲತ್ಯಾಜ್ಯ ಸಂಸ್ಕರಣಾ ಘಟಕ ಶುರುವಾಯಿತು. ಅಲ್ಲಿ ಕೆಸರನ್ನು ಮೊದಲು ಒಣಗಿಸಿ, ಆಮೇಲೆ ಊರಿನ ಹಸಿ ಕಸದೊಡನೆ ಬೆರೆಸಿ ಗೊಬ್ಬರ ಮಾಡಿದರು. ರಾಶಿಯೊಳಗೆ 55 ಡಿಗ್ರಿ ಮೀರಿದ ಕಾವು ಕೆಲವು ದಿನ ನಿಂತರೆ ಆ ಮೊಟ್ಟೆಗಳು ಸಾಯುತ್ತವೆ. ಕೆಸರು ಒಣಗಿಸಲು ಬೇಕಾದ ಬಿಸಿಲು ನಮ್ಮಲ್ಲಿ ಬಿಟ್ಟಿ ಬಿದ್ದಿದೆ! ಉಳಿದ ಕಸವನ್ನು ಹೂಳಬೇಕಾದರೆ ತಳಕ್ಕೆ ನೀರಿಳಿಯದ ಹಾಸು ಬೇಕೇ ಬೇಕು.

ಗಂಗಾವತಿಯವರು ಮಾತ್ರ "ನಮ್ಮದೂ ಒಣ ಸೀಮೆ" ಎಂದು ಇದೇ ಲೆಕ್ಕ ಹಿಡಿಯಬಾರದು. ಅಲ್ಲಿ ತುಂಗಭದ್ರಾ ಕಾಲುವೆ, ಭತ್ತದ ಗದ್ದೆ. ಮಳೆ ಕಡಿಮೆಯಾದರೂ ನೆಲದ ನೀರು ಮೇಲೆಯೇ ಇರುತ್ತದೆ. ಸುರಿದದ್ದು ಬೇಗ ಮುಟ್ಟುತ್ತದೆ.

ಶಾಲೆಯ ಗುಂಡಿಯೂ ತುಂಬಿದೆ ಎಂದು ಮುಖ್ಯೋಪಾಧ್ಯಾಯರು ಈಗಷ್ಟೇ ಹೇಳಿದರು. ಟ್ಯಾಂಕರ್ ಕರೆಸಿದಾಗ, ಎಲ್ಲಿ ಸುರಿಯುತ್ತೀಯಪ್ಪಾ ಎಂದು ಕೇಳಿಯೇ ದುಡ್ಡು ಕೊಡಿ, ಸರ್.